ಕನಕಾಂಬರ ಬಣ್ಣದ ಸ್ಟೂಲು

ನಮ್ಮ ಹಿತ್ತಲ ಕಡೆಯ ಪಡಸಾಲೆಯಲ್ಲಿ ಈಚೆಗೆ ಟರ್ಪೆಂಟೈನ್ ವಾಸನೆ ತುಂಬಿಕೊಂಡಿದೆ. ಮೊಮ್ಮಗಳ ಕೆಲಸ. ಅಟ್ಟದ ಮೇಲೆ ಬಿದ್ದಿದ್ದ ಹಳೆಯ ತೇಗದ ಕುರ್ಚಿಯೊಂದನ್ನು ಇಳಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಈಗ ಅದಕ್ಕೆ ಬಣ್ಣ ಹಚ್ಚುತ್ತಿದ್ದಾಳೆ. ಬಣ್ಣವೆಂದರೆ ನಮ್ಮ ಕಾಲದ ಪಾಲಿಶ್ ಅಂದುಕೊಳ್ಳಬೇಡಿ. ಯಾವುದೋ ದೇಶದಲ್ಲಿ ಯಾವಳೋ ಹುಡುಗಿ ಹೊಸ ನಮೂನೆಯ ಬಟ್ಟೆ ತೊಟ್ಟು ನಾಲ್ಕು ಜನರ ಮುಂದೆ ನಡೆದಳಂತೆ. ಆ ಬಟ್ಟೆಯ ಬಣ್ಣವೇ ಈ ವರ್ಷದ ಬಣ್ಣವಂತೆ. ಇವಳು ಅದನ್ನು ಫೋನಿನಲ್ಲಿ ಅಂಗಡಿಯವನಿಗೆ ತೋರಿಸಿದಳಂತೆ, ಅವನು ಯಂತ್ರದಲ್ಲಿ ಹಾಗೇ ಕಲಸಿ ಡಬ್ಬಕ್ಕೆ ತುಂಬಿಕೊಟ್ಟನಂತೆ. ತೇಗದ ಮರಕ್ಕೆ ಬಣ್ಣ ಬಳಿಯುವುದೆಂದರೆ ನನಗೆ ಹೊಟ್ಟೆ ಉರಿಯುತ್ತದೆ. ಬಯ್ಯಲೆಂದೇ ಎದ್ದು ಹೋದೆ. ನನ್ನ ಬಾಯಿಗೆ ಹೆದರುವವರು ಈ ಮನೆಯಲ್ಲಿ ಈಗ ಯಾರೂ ಉಳಿದಿಲ್ಲ, ಆದರೂ ಅಭ್ಯಾಸ ಬಿಡಬೇಕಲ್ಲ.

ಹೋಗಿ ನೋಡಿದರೆ, ಡಬ್ಬದ ಮೇಲೆ ಏನೋ ಇಂಗ್ಲಿಷ್ ಹೆಸರು ಬರೆದಿತ್ತು. ಕನ್ನಡಕ ಹಾಕಿಕೊಂಡು ಅದನ್ನು ಓದುವ ಅಗತ್ಯ ನನಗೆ ಬೀಳಲಿಲ್ಲ. ಅದು ಕನಕಾಂಬರ. ಮಾಲೆ ಕಟ್ಟುವ ಹೂವಿನ ಅದೇ ಬಣ್ಣ, ಒಂದು ಚೂರು ಹೆಚ್ಚಿಲ್ಲ, ಕಡಿಮೆಯಿಲ್ಲ. ಬಯ್ಯಲು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಯಾಕೆಂದು ನೀವು ಕೇಳಿಯೇ ಕೇಳುತ್ತೀರಿ. ಹೇಳುತ್ತೇನೆ, ಆದರೆ ಅದಕ್ಕೆ ನಿಮ್ಮನ್ನು ಕಂಪಲಾಪುರಕ್ಕೆ ಕರೆದುಕೊಂಡು ಹೋಗಬೇಕಾಗುತ್ತದೆ.

ಪಿರಿಯಾಪಟ್ಟಣ ತಾಲ್ಲೂಕಿನ ಆ ಊರಿನಲ್ಲಿ ನಮ್ಮಪ್ಪನದು ಜವಳಿ ಅಂಗಡಿ. ಐವತ್ತರ ದಶಕದ ಮಾತು. ಅಂಗಡಿಯೆಂದರೆ ಗಾಜು, ಬೊಂಬೆ ಒಂದೂ ಇಲ್ಲ. ರಸ್ತೆಗೆ ತೆರೆದ ಹಲಗೆ ಬಾಗಿಲು, ಒಳಗೆ ಚಾಪೆ, ಚಾಪೆಯ ಮೇಲೆ ಬಿಳಿ ಹಾಸು, ಗೋಡೆಯ ಗೂಡುಗಳಲ್ಲಿ ಮಡಿಸಿಟ್ಟ ಸೀರೆಗಳು. ಹೊಗೆಸೊಪ್ಪು ಮಾರಾಟವಾದ ಮೇಲೆ ಸುತ್ತಲಿನ ಹಳ್ಳಿಗಳ ಹೆಂಗಸರು ಗುಂಪುಗುಂಪಾಗಿ ಬರುತ್ತಿದ್ದರು. ಅಪ್ಪ ಸೀರೆ ಬಿಚ್ಚಿ ಅದರ ಸೆರಗನ್ನು ತಮ್ಮ ಭುಜದ ಮೇಲೇ ಹೊದ್ದುಕೊಂಡು ತೋರಿಸುತ್ತಿದ್ದರು. ಹಣೆಯ ಮೇಲೆ ವಿಭೂತಿ, ಮೂಗಿನ ಕೆಳಗೆ ಪೊದೆಮೀಸೆ, ಹೆಗಲ ಮೇಲೆ ಜರಿ ಸೆರಗು. ಯಾರೂ ನಗುತ್ತಿರಲಿಲ್ಲ, ಅಂಗಡಿಯ ಪದ್ಧತಿಯೇ ಅದು.

ಆ ಅಂಗಡಿಯಲ್ಲಿ ಕೆಂಪು, ಹಸಿರು, ನೀಲಿ ಎಂಬ ಮಾತುಗಳಿಗೆ ಬೆಲೆಯಿರಲಿಲ್ಲ. ಹಸಿರೆಂದರೆ ಯಾವ ಹಸಿರು? ಗಿಣಿ ಹಸಿರೋ, ಬಾಳೆಸುಳಿಯದೋ? ಮಿಕ್ಕಂತೆ ಮೆಂತ್ಯದ ಬಣ್ಣ, ಈರುಳ್ಳಿಸಿಪ್ಪೆ, ಬದನೆಕಾಯಿ, ನಶ್ಯ, ಮಾವಿನ ಚಿಗುರು, ನೇರಳೆಹಣ್ಣು. ಅರ್ಧ ತರಕಾರಿ ಸಂತೆ, ಅರ್ಧ ಹೂವಿನ ಅಂಗಡಿ. ಶಾಲೆಯಲ್ಲಿ ಮೇಷ್ಟರು ಕಾಮನಬಿಲ್ಲಿನ ಬಣ್ಣಗಳನ್ನು ಕೇಳಿದಾಗ ನಾನು ಜಂಬದಿಂದ ಬದನೆಕಾಯಿಯಿಂದ ಶುರುಮಾಡಿ, ಉಳಿದ ಪಾಠವನ್ನೆಲ್ಲ ಬೆಂಚಿನ ಮೇಲೆ ನಿಂತು ಕೇಳಿದವಳು.

ಬಣ್ಣದ ವಿಷಯದಲ್ಲಿ ಅಪ್ಪನಿಗಿಂತ ಅವ್ವನ ಮಾತು ಮೇಲು. ಅವ್ವ ಅಂಗಡಿಯ ಒಳಬಾಗಿಲಲ್ಲಿ ಕೂತಿರುತ್ತಿದ್ದಳು. ಅವಳ ಹೆಸರು ಪುಟ್ಟಮ್ಮಣ್ಣಿ. ಬಂದ ಹೆಂಗಸರು ಸೀರೆ ಹಿಡಿದು ಅವಳ ಮುಖ ನೋಡುತ್ತಿದ್ದರು. ಅವ್ವ ಮುಲಾಜು ನೋಡುತ್ತಿರಲಿಲ್ಲ. "ನಿನ್ನ ಮೈಬಣ್ಣಕ್ಕೆ ಅದು ಒಪ್ಪಕಿಲ್ಲ ಕಣಮ್ಮಿ. ಅದ ಉಟ್ಕಂಡ್ರೆ ಜ್ವರ ಬಂದು ಎದ್ದಂಗೆ ಕಾಣ್ತೀಯ. ಮೆಂತ್ಯದ ಬಣ್ಣ ತಗೊ" ಎನ್ನುವಳು. ಅವಳು ಹೇಳಿದ್ದನ್ನೇ ಕೊಂಡು ಹೋಗುತ್ತಿದ್ದರು. ಊರಿನಲ್ಲಿ ಅವಳಿಗಿದ್ದ ಮರ್ಯಾದೆಯೆಲ್ಲ ಆ ಕಣ್ಣುಗಳದೇ.

ಅಂಥ ಕಣ್ಣು ಮಂಜಾಗತೊಡಗಿತು. ಮೊದಲು ಅಕ್ಕಿಯಲ್ಲಿ ಕಲ್ಲು ಉಳಿಯಿತು. ಆಮೇಲೆ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯತೊಡಗಿದಳು. ಒಂದು ದಿನ ಎದುರಿಗೇ ಬಂದು ನಿಂತ ತನ್ನ ತಮ್ಮನನ್ನೇ "ಯಾರಪ್ಪ, ಏನು ಬೇಕಾಗಿತ್ತು?" ಎಂದು ಕೇಳಿದಳು. ಅಪ್ಪ ಅವಳನ್ನು ಮೈಸೂರಿಗೆ ಕರೆದೊಯ್ದು ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದರು. ಅದಕ್ಕೆ ಆಗ ಮದ್ದಿರಲಿಲ್ಲ. ಮೆಲ್ಲಗೆ ಹೆಚ್ಚುತ್ತದೆ, ಯಾವಾಗ ಪೂರಾ ಕವಿದುಕೊಳ್ಳುತ್ತದೆ ಎಂದು ಹೇಳಲಾಗದು ಎಂದರಂತೆ. ಹೇಗೆ ಕಾಣುತ್ತದವ್ವ ಎಂದು ಕೇಳಿದೆ. "ಹಸಿ ಸೌದೆ ಉರ್ಸಿ ಹೊಗೆ ತುಂಬ್ಕಂಡ ಅಡ್ಗೆಮನೇಲಿ ನಿಂತಂಗೆ ಕಣಮ್ಮಿ" ಎಂದಳು.

ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. ಇದು ಮಕ್ಕಳಿಗೆ ಬಂದರೂ ಬರಬಹುದು, ಬರದೆಯೂ ಇರಬಹುದು. ಅಪ್ಪನನ್ನು ನೆಲಕ್ಕೆ ಕೂರಿಸಿದ ಮಾತು ಅದು. ಏಕೆಂದರೆ ನಮ್ಮಕ್ಕ ಮಂಗಳಾ ಮದುವೆಗೆ ಬಂದಿದ್ದಳು. ಕೃಷ್ಣರಾಜನಗರದ ಕಡೆಯ ಹೊಸ ಅಗ್ರಹಾರದಿಂದ ಒಳ್ಳೆಯ ಸಂಬಂಧದ ಮಾತೂ ಬಂದಿತ್ತು. ತಾಯಿಗೆ ಕಣ್ಣಿಲ್ಲವೆಂದು ಗೊತ್ತಾದರೆ ಆ ಮಾತು ಅಲ್ಲಿಗೇ ಮುರಿಯುತ್ತಿತ್ತು, ಬೇರೆ ಯಾರೂ ನಮ್ಮ ಹೊಸ್ತಿಲು ತುಳಿಯುತ್ತಿರಲಿಲ್ಲ. ಅಕ್ಕನ ಬಾಳೆಲ್ಲ ಆ ಗುಟ್ಟಿನ ಮೇಲೆ ನಿಂತಿತ್ತು. ಅಪ್ಪ ನಮ್ಮನ್ನು ಕೂರಿಸಿಕೊಂಡು, "ಇದು ನಮ್ಮ ನಾಕು ಜನದ ಬಾಯಿಂದ ಆಚೆ ಹೋಗ್ಬಾರ್ದು" ಎಂದರು.

ಗುಟ್ಟು ಕಾಯುವುದೇನು ಸುಲಭವೇ? ನಡುಮನೆಯಲ್ಲಿ ಕಂಬದ ಪಕ್ಕಕ್ಕೆ ಒಂದು ಮರದ ಸ್ಟೂಲಿತ್ತು. ವರ್ಷಗಟ್ಟಲೆ ಎಣ್ಣೆ ಹೊಗೆ ಕುಡಿದು ಕಪ್ಪಾಗಿದ್ದ ಅದು ನೆಲದ ಬಣ್ಣದಲ್ಲೇ ಸೇರಿಹೋಗಿತ್ತು. ಅವ್ವ ದಿನಾ ಅದಕ್ಕೆ ಮೊಳಕಾಲು ಹೊಡೆದುಕೊಳ್ಳುತ್ತಿದ್ದಳು. ಆದರೆ ಅದೇ ಅವ್ವ ಒಂದು ಮಧ್ಯಾಹ್ನ ಅಂಗಡಿಯಲ್ಲಿ ದೂರದ ಗೂಡಿನತ್ತ ಕೈ ತೋರಿಸಿ, "ಆ ಕನಕಾಂಬ್ರ ಬಣ್ಣದ್ದ ಮೇಲಕ್ಕೆ ಇಡಿ, ಕಣ್ಗೆ ಬೀಳ್ತದೆ" ಎಂದಳಂತೆ. ಮನುಷ್ಯರ ಮುಖ ಕಾಣದವಳಿಗೆ ಆ ಸೀರೆ ಕಂಡಿತ್ತು! ಗಾಢವಾದ ಬಣ್ಣಗಳು ಮಾತ್ರ ಅವಳ ಹೊಗೆಯನ್ನು ದಾಟಿ ಬರುತ್ತಿದ್ದವು. ಅಪ್ಪ ಆ ವಾರವೇ ಹುಣಸೂರಿಗೆ ಹೋಗಿ ಬಣ್ಣದ ಡಬ್ಬಗಳನ್ನೂ ಕುಂಚವನ್ನೂ ತಂದರು. ಹಿತ್ತಲಿನಲ್ಲಿ ಕೂತು ಕೆಂಪು, ಹಳದಿ, ಬಿಳಿ ಬೆರೆಸಿದರು. ನಾನು ಪಕ್ಕದಲ್ಲಿ ಸೀರೆಯ ತುಂಡೊಂದನ್ನು ಹಿಡಿದುಕೊಂಡು, "ಇನ್ನೊಂಚೂರು ಕೆಂಪು, ಇಲ್ಲಪ್ಪ, ಜಾಸ್ತಿಯಾಯ್ತು" ಎಂದು ಯಜಮಾನಿಕೆ ಮಾಡುತ್ತಿದ್ದೆ. ಸಂಜೆಗೆ ಸ್ಟೂಲು ಕನಕಾಂಬರವಾಯಿತು. ಅವ್ವ ಅಡುಗೆಮನೆಯಿಂದ ಬಂದವಳು ಅಷ್ಟು ದೂರದಲ್ಲೇ ನಿಂತು, "ಅಗಾ, ಅಲ್ಲಿ ಅದೆ ಸ್ಟೂಲು" ಎಂದಳು. ಅಪ್ಪ ಕುಂಚ ಕೆಳಗಿಟ್ಟು ಟವಲಿನಲ್ಲಿ ಮುಖ ಒರೆಸಿಕೊಂಡರು.

ಆಮೇಲೆ ಒಂದೊಂದಾಗಿ ಮನೆಯೆಲ್ಲ ಬಣ್ಣವಾಯಿತು. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಗಿಣಿ ಹಸಿರು. ಅಲ್ಲಿಂದ ನಡುಮನೆಗೆ ಇಳಿಯುವ ಮೆಟ್ಟಿಲ ಹಲಗೆಗೆ ಅರಿಸಿನದ ಬಣ್ಣ. ನೀರಿನ ಹಂಡೆಯ ಮಣೆಗೆ ನೇರಳೆ. ಅಪ್ಪ ಅಂಗಡಿಯಿಂದ ಸೀರೆ ಅಂಚಿನ ತುಂಡುಗಳನ್ನು ತಂದು ಒಂದೊಂದನ್ನೂ ಅವ್ವನ ಮುಂದೆ ಹಿಡಿದು, "ಇದು ಕಾಣ್ತದಾ? ಇದು?" ಎಂದು ಕೇಳಿ, ಅವಳು ಹೂಂ ಎಂದ ಬಣ್ಣವನ್ನೇ ಬೆರೆಸುತ್ತಿದ್ದರು. ಅಂಗಡಿಯಲ್ಲಿ ಊರ ಹೆಂಗಸರಿಗೆ ಬಣ್ಣ ಆರಿಸಿಕೊಡುತ್ತಿದ್ದವಳು ಈಗ ತನ್ನ ಬಾಗಿಲು, ಮಣೆಗಳಿಗೆ ಬಣ್ಣ ಆರಿಸಿದಳು. ಅದರಲ್ಲೂ ಮುಲಾಜಿಲ್ಲ. "ಆ ಹಂಡೆ ಮಣೆಗೆ ಬದ್ನೆಕಾಯಿ ಒಪ್ಪಕಿಲ್ಲ, ನೇರಳೆ ಹಚ್ಚಿ" ಎಂದಿದ್ದಳು.

ಊರು ಸುಮ್ಮನಿರುತ್ತದೆಯೇ? ಪಕ್ಕದ ಮನೆಯ ಕೆಂಪಮ್ಮ ಮಜ್ಜಿಗೆಗೆಂದು ಬಂದವಳು ಬಾಗಿಲಲ್ಲೇ ಬಾಯಿ ಬಿಟ್ಟುಕೊಂಡು ನಿಂತಳು. "ಇದೇನ್ರೀ ಸಾವ್ಕಾರ್ರೆ, ಗಾಡಿಗೆ ಬಣ್ಣ ಒಡ್ಯದ ಕಂಡಿವ್ನಿ, ಸ್ಟೂಲ್ಗೆ ಒಡ್ಯದ ಕಂಡಿರ್ನಿಲ್ಲ!" ಎಂದಳು. ಅಪ್ಪ ವ್ಯಾಪಾರಿ, ಬಾಯಿ ತಡವರಿಸುವ ಜಾತಿಯಲ್ಲ. "ಮೈಸೂರಲ್ಲಿ ಈಗ ಇದೇ ಪ್ಯಾಶನ್ನು ಕಣಮ್ಮ. ಸೀರೆ ಬಣ್ಣ ಏನೋ ಸ್ಟೂಲ್ಗೂ ಅದೇ. ದೊಡ್ಡ ದೊಡ್ಡೋರ ಮನೇಲೆಲ್ಲ ಮಾಡ್ಸವ್ರೆ" ಎಂದುಬಿಟ್ಟರು. ಕೆಂಪಮ್ಮ ಮಜ್ಜಿಗೆ ಮರೆತು ಮನೆಗೆ ಓಡಿದಳು.

ಮುಂದಿನದು ನೀವು ನಂಬಿದರೆ ನಂಬಿ. ಕೆಲವೇ ದಿನಗಳಲ್ಲಿ ಕೆಂಪಮ್ಮನ ಮನೆಯ ಬೆಂಚು ಗಿಣಿ ಹಸಿರಾಯಿತು. ಅವಳ ಓರಗಿತ್ತಿಯ ಮನೆಯ ತೊಟ್ಟಿಲು ಮಾವಿನ ಚಿಗುರಾಯಿತು. ಗಾಡಿಗೆ ಬಣ್ಣ ಬಳಿಯುವ ಆಚಾರಿ ಗಾಡಿಗಳನ್ನು ಬಿಟ್ಟು ಮಣೆ, ಪೆಟ್ಟಿಗೆಗಳನ್ನು ಹಿಡಿದುಕೊಂಡ. ಅಲ್ಲಿಗೂ ನಿಲ್ಲಲಿಲ್ಲ. ಹೆಂಗಸರು ಅಂಗಡಿಗೆ ಬಂದು, "ನಿಮ್ಮನೆ ಸ್ಟೂಲ್ ಬಣ್ಣದ್ದು ಸೀರೆ ಕೊಡಿ" ಎಂದು ಕೇಳತೊಡಗಿದರು. ಆ ವರ್ಷ ಕನಕಾಂಬರ ಬಣ್ಣದ ಸೀರೆ ಗೂಡಿನಲ್ಲಿ ನಿಲ್ಲಲೇ ಇಲ್ಲ, ಸುತ್ತಲ ಊರುಗಳಲ್ಲೆಲ್ಲ ಅದೇ. ಮೈಸೂರಿನಿಂದ ಬಂದ ಫ್ಯಾಷನ್ನೆಂದು ನಾನೇ ನಂಬಿಬಿಟ್ಟಿದ್ದೆ! ನಮ್ಮ ಮನೆಯಲ್ಲಿ ನಡೆದದ್ದು ಕಣ್ಣಾರೆ ಕಂಡವಳು, ಅದೇ ಬಣ್ಣದ ರಿಬ್ಬನ್ನಿಗಾಗಿ ಹಟ ಹಿಡಿದು ಅತ್ತಿದ್ದೇನೆ. ಅವ್ವ ಮಾತ್ರ ಒಣನಗೆ ನಕ್ಕು, "ನನ್ ಕಣ್ಣು ಹೋದ್ದಕ್ಕೆ ಊರೆಲ್ಲ ಬಣ್ಣ ಬಳ್ಕಂತು" ಎಂದಳು.

ಹೊಸ ಅಗ್ರಹಾರದವರು ಹೆಣ್ಣು ನೋಡಲು ಬರುವ ದಿನ ಗೊತ್ತಾಯಿತು. ಅಪ್ಪ ಮಧ್ಯಾಹ್ನದ ಹೊತ್ತು ಅಂಗಡಿಯ ಹಲಗೆ ಹಾಕಿ ಬಂದು ಅವ್ವನಿಗೆ ಅಭ್ಯಾಸ ಮಾಡಿಸುತ್ತಿದ್ದರು. ತಾಂಬೂಲದ ತಟ್ಟೆ ಹಿಡಿದು ಹಸಿರು ಚೌಕಟ್ಟು ದಾಟಬೇಕು, ಹಳದಿ ಹಲಗೆ ಮೆಟ್ಟಿ ಇಳಿಯಬೇಕು, ನೇರ ನಡೆದು ಕನಕಾಂಬರ ಕಂಡಲ್ಲಿ ತಟ್ಟೆ ಇಡಬೇಕು, ಹಿಂದೆ ಸರಿದು ಚಾಪೆಯ ಮೇಲೆ ಕೂರಬೇಕು. ನಲವತ್ತು ದಾಟಿದ ಹೆಂಗಸು, ತನ್ನದೇ ಮನೆಯಲ್ಲಿ, ಖಾಲಿ ತಟ್ಟೆ ಹಿಡಿದುಕೊಂಡು ಹೀಗೆ ಮತ್ತೆ ಮತ್ತೆ ನಡೆಯುವುದನ್ನು ನೋಡಿ ಅಕ್ಕ ಒಳಗೆ ಹೋಗಿ ಅತ್ತಳು. "ನನ್ಗೆ ಈ ಮದ್ವೆ ಬ್ಯಾಡ ಕಣವ್ವ" ಎಂದೂ ಅಂದಳು. ಅವ್ವ, "ಬಾಯ್ಮುಚ್ಕೊ. ನನ್ ನಡ್ಗೆ ಕೆಡ್ಸಬ್ಯಾಡ" ಎಂದಳು.

ಆ ದಿನ ಬಂತು. ಗಂಡಸರೆಲ್ಲ ಹಜಾರದಲ್ಲಿ ಅಪ್ಪನೊಡನೆ ಕೂತು ಮಳೆ, ಹೊಗೆಸೊಪ್ಪು, ಬಸ್ಸುಗಳ ಮಾತಿಗೆ ತೊಡಗಿದರು. ಹುಡುಗನ ತಾಯಿ ರಾಜಮ್ಮಣ್ಣಿಯವರು ಒಬ್ಬರೇ ನಡುಮನೆಗೆ ಬಂದರು. ಬೊಜ್ಜು ಮೈ, ದೊಡ್ಡ ಕುಂಕುಮ, ಮೆಲುದನಿ. ಅವ್ವ ಬಾಗಿಲಲ್ಲೇ ಅವರನ್ನು ಬರಮಾಡಿಕೊಂಡು ತಟ್ಟೆ ತರಲು ಒಳಗೆ ಹೋಗಿದ್ದಳು. ನಾನು ಚಾಪೆ ಹಾಸಿದೆ. ಅವರು ನನ್ನ ಕಿವಿಯ ಹತ್ತಿರ ಬಾಗಿ, "ಮಂಡಿನೋವು ಕಣಮ್ಮ, ಕೆಳಗೆ ಕೂತ್ರೆ ಏಳಕ್ಕಾಗಕಿಲ್ಲ" ಎಂದು ಹೇಳಿ, ಕಂಬದ ಪಕ್ಕದ ಸ್ಟೂಲಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡರು. ಸ್ಟೂಲು ಪೂರ್ತಿ ಮರೆಯಾಯಿತು. ಅವರು ಉಟ್ಟಿದ್ದು ಅಚ್ಚ ಕನಕಾಂಬರ ಬಣ್ಣದ ರೇಷ್ಮೆ ಸೀರೆ. ಆ ವರ್ಷದ ಫ್ಯಾಷನ್ ಅಲ್ಲವೇ? ನಮ್ಮಪ್ಪ ಹುಟ್ಟಿಸಿದ್ದು.

ನನಗೆ ಅದು ಹೊಳೆಯುವಷ್ಟರಲ್ಲಿ ಅವ್ವ ಹಸಿರು ಚೌಕಟ್ಟು ದಾಟಿಬಿಟ್ಟಿದ್ದಳು. ಹಳದಿ ಹಲಗೆ ಮೆಟ್ಟಿದಳು. ಬೆನ್ನು ನೆಟ್ಟಗೆ, ಮುಖದಲ್ಲಿ ನಗು. ಕೂಗಿದರೆ ಕೆಟ್ಟಿತು, ಕೂಗದಿದ್ದರೂ ಕೆಟ್ಟಿತು. ಅವ್ವ ನೇರ ನಡೆದು, ಬಾಗಿ, ವೀಳ್ಯದೆಲೆ, ಬಾಳೆಹಣ್ಣು, ಹೂವು, ಜುಟ್ಟು ಬಿಟ್ಟ ತೆಂಗಿನಕಾಯಿ ಇದ್ದ ಆ ತಟ್ಟೆಯನ್ನು ರಾಜಮ್ಮಣ್ಣಿಯವರ ತೊಡೆಯ ಮೇಲಿಟ್ಟಳು. ತಟ್ಟೆ ವಾಲಿತು. ಕಾಯಿ ಉರುಳಿ ಅವರ ಮಡಿಲಿಗೆ ಬಿತ್ತು.

ಇದು ಎಂಥ ಅನಾಹುತವೆಂದು ಈಗಿನವರಿಗೆ ಹೇಳಿಯೇ ತಿಳಿಸಬೇಕು. ನಮ್ಮ ಕಡೆ ಹೆಣ್ಣು ನೋಡಲು ಬಂದವರ ಮುಂದೆ ತಾಂಬೂಲದ ತಟ್ಟೆ ಇಡುತ್ತಾರೆ ಅಷ್ಟೆ. ಅವರು ಎಲೆ ಅಡಿಕೆ ತೆಗೆದುಕೊಳ್ಳುತ್ತಾರೆ, ಕಾಯಿಯನ್ನು ಮುಟ್ಟುವುದಿಲ್ಲ. ಗಂಡಿನ ತಾಯಿಯ ಮಡಿಲಿಗೆ ಕಾಯಿ ಹಾಕುವುದು ಮಾತು ಕೂಡಿಬಂದು, ಹಿರಿಯರು ಒಪ್ಪಿ, ಒಳ್ಳೆಯ ಗಳಿಗೆ ನೋಡಿದ ಮೇಲೆ. ಅಲ್ಲಿಗೆ ಮದುವೆ ಗಟ್ಟಿಯಾದಂತೆ. ಹುಡುಗಿ ಇನ್ನೂ ಹೊರಗೇ ಬಂದಿಲ್ಲ, ಅಷ್ಟರಲ್ಲಿ ಹೆಣ್ಣಿನ ತಾಯಿ ಕಾಯಿಯನ್ನು ಮಡಿಲಿಗೆ ಹಾಕಿಬಿಟ್ಟರೆ ಏನೆಂದುಕೊಳ್ಳಬೇಕು? ಒಂದೋ ಈ ಮನೆಯವರಿಗೆ ರೀತಿ ರಿವಾಜು ಗೊತ್ತಿಲ್ಲ, ಇಲ್ಲವೇ ಈಕೆಗೆ ಕಣ್ಣು ಕಾಣುವುದಿಲ್ಲ.

ಅವ್ವನ ಕೈ ಇನ್ನೂ ತಟ್ಟೆಯ ಅಂಚಿನ ಮೇಲೇ ಇತ್ತು. ಮರ ಇರಬೇಕಾದ ಜಾಗದಲ್ಲಿ ರೇಷ್ಮೆ, ರೇಷ್ಮೆಯ ಕೆಳಗೆ ಮನುಷ್ಯರ ಬಿಸಿ. ಅವಳ ಮುಖದಿಂದ ನಗು ಇಳಿದುಹೋದದ್ದನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ರಾಜಮ್ಮಣ್ಣಿಯವರು ಅವ್ವನ ಕಣ್ಣನ್ನು ನೋಡಿದರು. ಹಸಿರು ಚೌಕಟ್ಟನ್ನು ನೋಡಿದರು, ಹಳದಿ ಹಲಗೆಯನ್ನು ನೋಡಿದರು, ಕೊನೆಗೆ ತಮ್ಮ ಸೀರೆಯನ್ನು ನೋಡಿಕೊಂಡರು. ಹಜಾರದಲ್ಲಿ ಗಂಡಸರ ಮಾತು ಇನ್ನೂ ನಡೆದಿತ್ತು.

ಅವರು ತಟ್ಟೆಯನ್ನು ಪಕ್ಕಕ್ಕಿಟ್ಟು, ಸೆರಗನ್ನು ಒಡ್ಡಿ, ಕಾಯಿಯನ್ನು ಅದರೊಳಗೆ ಭದ್ರವಾಗಿ ಹಿಡಿದುಕೊಂಡರು. ಆಮೇಲೆ ಹಜಾರಕ್ಕೆ ಕೇಳುವ ಹಾಗೆ, "ಏನಂದ್ರೆ, ನೀವು ಇನ್ನೂ ಮಳೆ ಬೆಳೆ ಅಂತ ಕೂತಿದ್ದೀರಲ್ಲ? ಇಲ್ಲಿ ಬೀಗ್ರು ನನ್ ಮಡ್ಲೇ ತುಂಬ್ಸಿಬುಟ್ರು. ನಾನು ಇಸ್ಕಂಡೂ ಆಯ್ತು. ಇನ್ನೇನು ಮಾತು?" ಎಂದರು. ಅವರ ಯಜಮಾನರು ಜೋರಾಗಿ ನಕ್ಕು, "ಸರಿಹೋಯ್ತು, ಹೆಂಗಸ್ರೇ ತೀರ್ಮಾನ ಮಾಡ್ಕಂಡ್ಮೇಲೆ ನಮ್ದೇನೈತೆ" ಎಂದರು. ಹಜಾರವೆಲ್ಲ ನಗತೊಡಗಿತು. ಆ ಗದ್ದಲದ ನಡುವೆ ರಾಜಮ್ಮಣ್ಣಿಯವರು ಅವ್ವನ ಕೈಯನ್ನು ತಮ್ಮ ಮಂಡಿಯ ಮೇಲೆ ಇಟ್ಟುಕೊಂಡು ಮೆಲ್ಲಗೆ ಒತ್ತುತ್ತಿದ್ದರು. ಅಕ್ಕನನ್ನು ಆಮೇಲೆ ಕರೆದರು, ನೋಡಿದ ಶಾಸ್ತ್ರವೂ ಆಯಿತು.

ಅವರಿಗೆ ಗೊತ್ತಾಯಿತೋ ಇಲ್ಲವೋ ಎಂಬುದೇ ಅಲ್ಲಿಂದ ನಮ್ಮ ಮನೆಯ ಚಿಂತೆಯಾಯಿತು. ಅಪ್ಪ ಗೊತ್ತಾಗಿಲ್ಲ ಎಂದು ಪಟ್ಟು ಹಿಡಿದರು. "ನಿನ್ನ ಧೈರ್ಯ ನೋಡಿ ಮೆಚ್ಕಂಡವ್ರೆ ಅಷ್ಟೆ" ಎಂದರು. ಅವ್ವನಿಗೆ ಸಮಾಧಾನವಿಲ್ಲ. "ಗೊತ್ತಿದ್ದೂ ಒಪ್ಕಂಡಿದ್ರೆ ಅದು ಅವ್ರ ದೊಡ್ಡಸ್ತಿಕೆ. ಗೊತ್ತಿಲ್ದೆ ಒಪ್ಕಂಡಿದ್ರೆ ನಾವು ಮೋಸ ಮಾಡ್ದಂಗೆ ಆಗಕಿಲ್ವಾ?" ಎನ್ನುವಳು. ಹೇಳಿಬಿಡಬೇಕೆಂದು ಅವಳು, ಮದುವೆ ಆಗಲಿ ಎಂದು ಅಪ್ಪ. ಮದುವೆ ನಮ್ಮ ಮನೆಯ ಮುಂದೆಯೇ ಚಪ್ಪರ ಹಾಕಿ ಆಯಿತು. ತನ್ನ ಮನೆ, ತನ್ನ ಬಣ್ಣಗಳು, ಜೊತೆಗೆ ನನ್ನ ಭುಜ. ಅವ್ವ ಹೇಗೋ ನಿಭಾಯಿಸಿದಳು. ಆದರೆ ಮದುವೆಯ ನಂತರ ಗಂಡಿನ ಮನೆಯಲ್ಲಿ ಬೀಗರ ಊಟವಿರುತ್ತದೆ, ಹೆಣ್ಣಿನ ತಾಯಿ ತಪ್ಪಿಸಿಕೊಳ್ಳುವಂತಿಲ್ಲ. ಗೊತ್ತಿಲ್ಲದ ಮನೆ, ಗೊತ್ತಿಲ್ಲದ ಮೆಟ್ಟಿಲು, ಎರಡೂ ಕಡೆಯ ನೆಂಟರ ಕಣ್ಣು.

ಹುಣಸೂರಿಗೆ ಒಂದು ಬಸ್ಸು, ಅಲ್ಲಿಂದ ಕೃಷ್ಣರಾಜನಗರದ ಕಡೆಗೆ ಇನ್ನೊಂದು, ಕೊನೆಗೆ ಬೀಗರು ಕಳಿಸಿದ ಎತ್ತಿನ ಗಾಡಿ. ದಾರಿಯುದ್ದಕ್ಕೂ ನಾಲೆಯ ನೀರು, ಭತ್ತದ ಗದ್ದೆ. ನಮ್ಮ ಒಣ ಸೀಮೆಯವರಿಗೆ ಅದೇ ಒಂದು ನೋಟ. ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ. ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದವಳು ಇದ್ದಕ್ಕಿದ್ದಂತೆ, "ನಾನು ತೀರ್ಮಾನ ಮಾಡ್ಬುಟ್ಟೆ. ಹೊಸ್ತಿಲಲ್ಲೇ ನಿಂತು ಹೇಳ್ಬುಡ್ತೀನಿ. ಎಲ್ಲಾರ ಮುಂದೆ ಎಡ್ವಿ ಬಿದ್ದು ಗೊತ್ತಾಗದ್ಕಿಂತ ನನ್ ಬಾಯಿಂದ್ಲೇ ಗೊತ್ತಾಗ್ಲಿ" ಎಂದಳು. ಅಪ್ಪ ತಲೆ ತಗ್ಗಿಸಿ ಕೂತಿದ್ದರು. "ಮಂಗಳನ್ನ ವಾಪಸ್ ಕಳ್ಸಿದ್ರೆ?" ಎಂದರು. ಅವ್ವನ ಉಗುರು ನನ್ನ ಚರ್ಮಕ್ಕೆ ನಾಟಿತ್ತು, ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಗಾಡಿ ನಿಂತಿತು. ಬೀಗರದು ದೊಡ್ಡ ತೊಟ್ಟಿಮನೆ, ಬಾಗಿಲ ತುಂಬ ಜನ. ಅವ್ವ ಇಳಿದು, ಸೆರಗು ಹೊದ್ದು, ಹೇಳಬೇಕಾದ ಮಾತನ್ನು ಬಾಯಲ್ಲಿಟ್ಟುಕೊಂಡು ನಡೆದವಳು ತಟಕ್ಕನೆ ನಿಂತಳು. "ಏನಮ್ಮಿ ಅದು, ಕೆಳಗೆ ಹಳ್ದಿ?" ಎಂದಳು. ನಾನು ನೋಡಿದೆ. ಜಗಲಿಯ ಮೆಟ್ಟಿಲ ಕಲ್ಲುಗಳ ಅಂಚಿಗೆ ಅರಿಸಿನದ ಬಣ್ಣ ಬಳಿದಿದ್ದರು. ತಲೆಬಾಗಿಲ ಚೌಕಟ್ಟು ಗಿಣಿ ಹಸಿರು. ಅದರಾಚೆ, ತೊಟ್ಟಿಯ ಪಕ್ಕದಲ್ಲಿ, ನೇರಳೆ ಬಣ್ಣದ ಹಂಡೆ ಮಣೆ. ಅಜ್ಜ ಮುತ್ತಜ್ಜರ ಕಾಲದಿಂದ ಕಪ್ಪಗೆ ಮಿರುಗುತ್ತಿದ್ದ ಮರಕ್ಕೆಲ್ಲ ಬಣ್ಣ. ಆಚಾರಿಯ ಕೈಯಲ್ಲ ಅದು. ಕುಂಚದ ಗೆರೆ ಎದ್ದುಕಾಣುತ್ತಿತ್ತು, ಕೆಲವೆಡೆ ಬಣ್ಣ ಸೋರಿ ನೆಲಕ್ಕೆ ಬಿದ್ದು ಒಣಗಿತ್ತು.

ರಾಜಮ್ಮಣ್ಣಿಯವರು ಬಾಗಿಲಲ್ಲಿ ನಿಂತಿದ್ದರು. "ಬನ್ನಿ ಬೀಗ್ರೆ. ನಿಮ್ಮೂರ್ ಪ್ಯಾಶನ್ನು ನಮ್ಮೂರ್ಗೂ ಬಂತು ಕಣ್ರೀ. ಬಣ್ಣ ಎಲ್ಲಾರ ಹೆಚ್ಚು ಕಮ್ಮಿ ಆಗಿದ್ರೆ ನೀವೇ ಹೇಳ್ಬೇಕು" ಎಂದರು. ಅವರ ಹಿಂದೆ ಅವರ ಯಜಮಾನರು, "ನಮ್ ಮನೆನ ಕಂಪ್ನಿ ನಾಟಕದ ಪರದೆ ಮಾಡ್ಬುಟ್ಳು ನೋಡಿ ಇವ್ಳು" ಎಂದು ಎಲ್ಲರಿಗೂ ದೂರು ಹೇಳುತ್ತಿದ್ದರು. ಅವ್ವ ಹೇಳಬೇಕೆಂದುಕೊಂಡಿದ್ದ ಮಾತು ಹೊರಗೆ ಬರಲಿಲ್ಲ. ನನ್ನ ಕೈ ಬಿಟ್ಟಳು. ಹಳದಿ ಮೆಟ್ಟಿಲು ಹತ್ತಿದಳು, ಹಸಿರು ದಾಟಿದಳು, ಅಷ್ಟು ಜನರ ನಡುವೆ ಒಬ್ಬಳೇ ತೊಟ್ಟಿ ಸುತ್ತಿಕೊಂಡು ನಡೆದಳು. ನಡುಮನೆಯ ಕಂಬದ ಬಳಿ ಒಂದು ಸ್ಟೂಲಿತ್ತು, ಕನಕಾಂಬರ ಬಣ್ಣದ್ದು. ಅವ್ವ ಅದರ ಮುಂದೆ ಬಂದು ಅಳುಕಿ ನಿಂತಳು. ರಾಜಮ್ಮಣ್ಣಿಯವರು ಅವಳ ಪಕ್ಕಕ್ಕೆ ಬಂದು ಅವಳಿಗೊಬ್ಬಳಿಗೇ ಕೇಳುವ ಹಾಗೆ, "ಅದು ಮರವೇ ಕಣ್ರೀ, ಕೂತ್ಕಳಿ" ಎಂದರು.

ಅಕ್ಕ ಆಮೇಲೆ ನಮಗೆ ಹೇಳಿದಳು. ಅವಳು ಗಂಡನ ಮನೆಗೆ ಕಾಲಿಟ್ಟ ಮೇಲೆ ಅತ್ತೆ ಅವಳನ್ನು ಬೇರೇನೂ ಕೇಳಲಿಲ್ಲವಂತೆ. ನಿಮ್ಮ ಮನೆಯಲ್ಲಿ ಮೆಟ್ಟಿಲಿಗೆ ಯಾವ ಬಣ್ಣ, ಬಾಗಿಲಿಗೆ ಯಾವುದು, ಹಂಡೆ ಮಣೆಗೆ ಯಾವುದು, ಇಷ್ಟನ್ನೇ ಕೇಳಿ, ಬಗ್ಗಲಾಗದ ಆ ಮಂಡಿಯಲ್ಲಿ ತಾವೇ ಕೂತು ಬಳಿದರಂತೆ. ಕಣ್ಣಿನ ಮಾತು ಎತ್ತಲೇ ಇಲ್ಲವಂತೆ. ಯಜಮಾನರಿಗೂ ಹೇಳಲಿಲ್ಲ, ಊರಿಗೂ ಹೇಳಲಿಲ್ಲ. ಆಮೇಲೆ ಬಹಳ ವರ್ಷ, ಅವ್ವನಿಗೆ ಬೆಳಕೂ ಕಾಣದಾದ ಮೇಲೂ, ಇಬ್ಬರೂ ಒಬ್ಬರ ಮನೆಗೆ ಒಬ್ಬರು ಬಂದುಹೋಗುತ್ತಿದ್ದರು. ಆ ಕಾಯಿಲೆ ನಮ್ಮ ಅಕ್ಕನಿಗೂ ಬರಲಿಲ್ಲ, ನನಗೂ ಬರಲಿಲ್ಲ. ಆದರೆ ಬರುವುದಿಲ್ಲವೆಂದು ಅವತ್ತು ರಾಜಮ್ಮಣ್ಣಿಯವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಅವರು ಗೊತ್ತಿದ್ದೇ ನಮ್ಮನ್ನು ಒಪ್ಪಿಕೊಂಡರು. ಅದನ್ನು ನೆನೆದಾಗೆಲ್ಲ ನನಗೆ ಕೈಯೆತ್ತಿ ಮುಗಿಯಬೇಕೆನಿಸುತ್ತದೆ.

ಇನ್ನೊಂದು ಸಂಗತಿ ಅವತ್ತು ಊಟಕ್ಕೆ ಕೂತಾಗ ನನ್ನ ಕಣ್ಣಿಗೆ ಬಿತ್ತು. ಫ್ಯಾಷನ್ ಹುಚ್ಚಿನವಳಲ್ಲವೇ ನಾನು, ಯಾರು ಏನು ಉಟ್ಟಿದ್ದಾರೆಂದು ಸಾಲಿನುದ್ದಕ್ಕೂ ನೋಡುತ್ತ ಹೋದೆ. ರಾಜಮ್ಮಣ್ಣಿಯವರು ನಶ್ಯದ ಬಣ್ಣದ ಸೀರೆ ಉಟ್ಟಿದ್ದರು. ಅವರ ಓರಗಿತ್ತಿಯರು, ನಾದಿನಿಯರು, ಬಡಿಸುವ ಹುಡುಗಿಯರು, ನಮ್ಮ ಅಕ್ಕ, ಎಲ್ಲರೂ ಮಾಸಲು ಕಂದು, ಬೂದಿ, ಕಾಫಿಪುಡಿ. ತಮ್ಮ ಮನೆಯ ಮದುವೆಯೂಟದ ದಿನ, ಇಡೀ ಸೀಮೆಯ ಹೆಂಗಸರು ಕನಕಾಂಬರಕ್ಕೆ ಮುಗಿಬಿದ್ದಿದ್ದ ಆ ವರ್ಷ, ಆ ಮನೆಯ ಒಬ್ಬ ಹೆಂಗಸೂ ಬಣ್ಣದ ಸೀರೆ ಉಟ್ಟಿರಲಿಲ್ಲ.

ಪಡಸಾಲೆಯಲ್ಲಿ ಮೊಮ್ಮಗಳು ಕುಂಚ ಹಿಡಿದು ನನ್ನನ್ನೇ ನೋಡುತ್ತಿದ್ದಳು. "ಯಾಕಜ್ಜಿ, ಬೈಯೋಕೆ ಬಂದೋರು ಸುಮ್ನೆ ನಿಂತ್ಬಿಟ್ರಿ?" ಎಂದಳು. ಒಂದು ಮಣೆ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತೆ. "ಇನ್ನೊಂದು ಕುಂಚ ಇದೆಯೇನೇ?" ಎಂದು ಕೇಳಿದೆ.